ಅಜ್ಜನ ಕಂಬಳಿ, ನನ್ನ ಹಲಗೆ ಮತ್ತು ಕೃಷ್ಣೆಯ ಗಾಳಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ರಿಲೀಸು, ಪ್ರೊಡಕ್ಷನ್ ಇಶ್ಯೂ, ಮತ್ತೆ ರಿಲೀಸು.. ನಮ್ಮ ಬದುಕು ನಿಮಗೆ ಗೊತ್ತಿರೋದೇ. ಈ ಸಲದ ಬರಹ ಸ್ವಲ್ಪ ಉದ್ದ ಇದೆ, ಚಹಾ ಪಕ್ಕಕ್ಕಿಟ್ಟುಕೊಂಡು ಓದಿ.

ನನ್ನ ತಾಯಿಯ ತವರು ಕೃಷ್ಣಾ ದಂಡೆಯ ಒಂದು ಸಣ್ಣ ಹಳ್ಳಿ. ಅಥಣಿ ತಾಲೂಕು, ಹೊಳೆ ದಾಟಿದರೆ ರಾಯಬಾಗ ತಾಲೂಕು. ಸೇತುವೆ ಆಗೋಕೆ ಮುಂಚೆ ನಮ್ಮ ಅಜ್ಜನ ಮನೆಯವರು ಅಲ್ಲಿ ದೋಣಿ ನಡೆಸುತ್ತಿದ್ದರು. ಸಂತೆಗೆ ಹೋಗುವವರು, ಬೀಗರ ಮನೆಗೆ ಹೋಗುವವರು, ಆಡು ಕುರಿ, ಜೋಳದ ಚೀಲ ಎಲ್ಲ ಆ ದೋಣಿಯಲ್ಲೇ ಆಚೆ ದಂಡೆಗೆ. ಅಜ್ಜ ದೋಣಿಯ ತುದಿಯಲ್ಲಿ ನಿಂತುಕೊಂಡೇ ಬಿದಿರಿನ ಗಳ ಹಾಕುತ್ತಿದ್ದನಂತೆ. ಸೇತುವೆ ಬಂದ ಮೇಲೆ ದೋಣಿ ದಂಡೆಯಲ್ಲಿ ಬೋರಲು ಬಿತ್ತು, ಅಜ್ಜ ಕಬ್ಬಿನ ಹೊಲಕ್ಕೆ ಬಂದ.

ಅಜ್ಜನ ಹತ್ತಿರ ಒಂದು ಕತೆ ಇತ್ತು. ರಜೆಗೆ ಹೋದಾಗಲೆಲ್ಲ ನಾವು ಮೊಮ್ಮಕ್ಕಳು ಅದನ್ನು ಹೇಳಿಸುತ್ತಿದ್ದೆವು. ನಗೋದಕ್ಕೆ.

"ಗಾಂಧಿ ತೀರಿಕೊಂಡ ವರ್ಷ ಅದು. ಮಿರಗದ ಮಳಿ ಇನ್ನೂ ಈಗ ಹಿಡದಿತ್ತು, ಹೊಳಿ ತುಂಬಿದ್ದಿಲ್ಲ. ನಾ ಹನ್ನೆಡ್ಡ ವರ್ಷದ ಹುಡುಗ. ನಾಕ ಬಾಳಿ ದಿಂಡ ಕೂಡಿಸಿ ಕಟ್ಟಿ, ಮ್ಯಾಲ ಒಂದ ಹಲಗಿ ಹಾಕಿದ್ನಿ. ಕಂಬಳಿ ಎರಡ ಕೋಲಿಗೆ ಕಟ್ಟಿ, ಹಲಗಿ ಮ್ಯಾಲ ನಿಂತ ಕೈಯಾಗ ಅಡ್ಡ ಹಿಡದ್ನಿ. ಗಾಳಿ ತುಂಬತ ನೋಡ ತಮ್ಮಾ! ಹುಟ್ಟ ಹಾಕಲಿಲ್ಲ, ಗಳ ಹಾಕಲಿಲ್ಲ.. ಬಾಣ ಹ್ವಾದಂಗ ಹ್ವಾದ್ನಿ."

"ಮತ್ತ ಹೊಳ್ಳಿ ಹೆಂಗ ಬಂದಿ ಅಜ್ಜಾ?"

"ಹೊಳ್ಳಿ ಎಲ್ಲಿ ಬರ್ತತಿ ಅದು? ನಡಕೋತ ಬಂದ್ನಿ. ಹೊತ್ತ ಮುಣಗಿತ್ತು. ನಮ್ಮಪ್ಪ ಬಾರಕೋಲ ಹಿಡಕೊಂಡ ಬಾಗಲಾಗ ನಿಂತಿದ್ದ."

ಇಲ್ಲಿಗೆ ಎಲ್ಲರೂ ಬಿದ್ದು ಬಿದ್ದು ನಗೋದು. ಮಾವ ಅಂತೂ ಪ್ರತಿ ಸಲ "ಇಂವಾ ದೊಡ್ಡ ಹಡಗದ ಮಾಲಕ, ಮನಿಗಿ ಬಂದದ್ದ ಮಾತ್ರ ನಡಕೋತ" ಅಂತ ಸೇರಿಸೋದು. ಅಜ್ಜ ಜಗಳ ಆಡುತ್ತಿರಲಿಲ್ಲ. ಎಲೆ ಅಡಕೆ ಚೀಲ ತೆಗೆದು ಸುಣ್ಣ ಹಚ್ಚುತ್ತಾ ಕೂರುತ್ತಿದ್ದ. ನಾನೂ ಇದನ್ನು ಮುದುಕರ ಬಡಾಯಿ ಅಂತಲೇ ತಿಳಿದಿದ್ದೆ. 2021ರ ಮಹಾಪೂರದ ವರ್ಷ ಅಜ್ಜ ತೀರಿಕೊಂಡ. ಕತೆಯೂ ಅಲ್ಲಿಗೇ ಮುಗೀತು ಅಂದುಕೊಂಡಿದ್ದೆ.

*

ಈಗ ಸೀನ್ ಬೆಂಗಳೂರಿಗೆ. ನಮ್ಮ ಆಫೀಸಿನಲ್ಲಿ ಒಂದು ಪೇಟೆಂಟ್ ಟ್ರೇನಿಂಗ್ ಇತ್ತು. ಹೊಸದೇನಾದರೂ ಮಾಡಿದರೆ ಹೇಗೆ ಅರ್ಜಿ ಹಾಕಬೇಕು, ಯಾವುದು 'ಹೊಸದು' ಯಾವುದು ಅಲ್ಲ ಅಂತ. ಮಧ್ಯಾಹ್ನ ಊಟ ಆದ ಮೇಲಿನ ಸೆಶನ್, ಅರ್ಧ ಜನ ತೂಕಡಿಸ್ತಾ ಇದ್ರು, ನಾನೂ ಸಹ. ಆಗ ಪಾಠ ಮಾಡುತ್ತಿದ್ದವರು ಇಂಗ್ಲೆಂಡಿನ ಒಂದು ಕೇಸಿನ ಕತೆ ಹೇಳಿದರು. ಅದರಲ್ಲೊಬ್ಬ ಹನ್ನೆರಡು ವರ್ಷದ ಹುಡುಗ. ಒಂದು ಹಲಗೆ. ಒಂದು ಹಾಯಿ.

ನನಗೆ ನಿದ್ದೆ ಹಾರಿ ಹೋಯ್ತು.

ಆ ಹುಡುಗನ ಹೆಸರು ಪೀಟರ್ ಚಿಲ್ವರ್ಸ್. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹೇಲಿಂಗ್ ಐಲ್ಯಾಂಡ್ ಅಂತ ಒಂದು ದ್ವೀಪ ಇದೆ. 1958ರ ಬೇಸಿಗೆಯಲ್ಲಿ ಅಲ್ಲಿನ ಹಿನ್ನೀರಿನಲ್ಲಿ ಅವನು ಒಂದು ಹಲಗೆಗೆ ಕೋಲು ಸಿಕ್ಕಿಸಿ ಹಾಯಿ ಕಟ್ಟಿ, ಮೇಲೆ ನಿಂತು, ಹಾಯಿಯನ್ನು ಕೈಯಲ್ಲೇ ಹಿಡಿದು ತೇಲಾಡಿದ. ಯಾವ ಕಂಪನಿಯೂ ಇಲ್ಲ, ಅರ್ಜಿಯೂ ಇಲ್ಲ, ಹುಡುಗಾಟ ಅಷ್ಟೆ. ಎರಡು ಬೇಸಿಗೆ ವಾರಾಂತ್ಯಗಳಲ್ಲಿ ಆಡಿದ, ದಂಡೆಯಲ್ಲಿದ್ದವರು ನೋಡಿದರು.

ಇದಾಗಿ ಆರು ವರ್ಷಕ್ಕೆ, 1964ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಅನ್ನೋ ಬೋರ್ಡು ಬರೆಯುವ ಪೇಂಟರ್ ಇದೇ ತರದ್ದನ್ನು ಮಾಡಿದ. ಇವನಿಗೆ ಚಿಲ್ವರ್ಸ್ ವಿಷಯ ಗೊತ್ತೇ ಇಲ್ಲ. ಡಾರ್ಬಿಯ ಹಾಯಿ ಗಾಳಿಪಟದ ಆಕಾರದ್ದು. ಮುಖ್ಯವಾದ ಸಂಗತಿ ಅಂದರೆ ಹಾಯಿಯ ಕಂಬವನ್ನು ಅವನು ಹಲಗೆಗೆ ಗಟ್ಟಿಯಾಗಿ ಹೂಳಲಿಲ್ಲ. ಎಲ್ಲ ದಿಕ್ಕಿಗೂ ವಾಲುವ ಹಾಗೆ ಒಂದು ಕೀಲು ಕೊಟ್ಟ. 1965ರ ಆಗಸ್ಟ್ ತಿಂಗಳ 'ಪಾಪ್ಯುಲರ್ ಸೈನ್ಸ್' ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನವೂ ಬಂತು. ಪೇಟೆಂಟ್ ಮಾಡಿಸಲಿಲ್ಲ. ಹಲಗೆಗಳು ಹೆಚ್ಚು ಖರ್ಚೂ ಆಗಲಿಲ್ಲ.

ಈ ಕೀಲು ಏನು ಅಂತ ನಮ್ಮ ಕಡೆಯವರಿಗೆ ವಿವರಿಸೋದು ಸುಲಭ. ಟ್ರ್ಯಾಕ್ಟರಿನ ಹಿಂದೆ ರೋಟಾವೇಟರ್ ಹಾಕುತ್ತೀರಲ್ಲ, ನಡುವೆ ತಿರುಗುವ ಶಾಫ್ಟಿನಲ್ಲಿ 'ಕ್ರಾಸ್' ಅಂತ ಒಂದು ಇರುತ್ತೆ, ಯೂನಿವರ್ಸಲ್ ಜಾಯಿಂಟ್. ರೋಟಾವೇಟರ್ ಮೇಲೆ ಕೆಳಗೆ ಆದರೂ ಶಾಫ್ಟು ಮುರಿಯೋದಿಲ್ಲ. ಅದೇ ತತ್ವ. ಮಾಮೂಲಿ ಹಾಯಿದೋಣಿಯಲ್ಲಿ ಕಂಬ ಅಲ್ಲಾಡಬಾರದು, ಹಗ್ಗ ಕಟ್ಟಿ ಬಿಗಿದಿರುತ್ತಾರೆ, ತಿರುಗಿಸೋಕೆ ಹಿಂದೆ ಚುಕ್ಕಾಣಿ ಬೇಕು. ಇಲ್ಲಿ ಕಂಬ ಸಡಿಲ. ನಿಂತ ಮನುಷ್ಯ ಅದನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ತಿರುಗುತ್ತೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ ತಿರುಗುತ್ತೆ. ಅಂದರೆ ಹಾಯಿಯೇ ಚುಕ್ಕಾಣಿ, ಮನುಷ್ಯನ ಮೈಯೇ ಹಗ್ಗ. ಸುಸ್ತಾದರೆ ಕೈ ಬಿಟ್ಟರಾಯಿತು, ಹಾಯಿ ನೀರಿಗೆ ಬೀಳುತ್ತೆ, ಹಲಗೆ ಮಗುಚೋದಿಲ್ಲ.

ಮೂರನೆಯವರು ಕ್ಯಾಲಿಫೋರ್ನಿಯಾದವರು, ಇಬ್ಬರು ಗೆಳೆಯರು. ಜಿಮ್ ಡ್ರೇಕ್ ವಿಮಾನಗಳ ಇಂಜಿನಿಯರ್. ಹೋಯ್ಲ್ ಶ್ವೈಟ್ಜರ್ ವ್ಯಾಪಾರಸ್ಥ, ಜೊತೆಗೆ ಸಮುದ್ರದಲ್ಲಿ ಸರ್ಫಿಂಗ್ ಹುಚ್ಚು. 1967ರಲ್ಲಿ ಮರೀನಾ ಡೆಲ್ ರೇ ಅನ್ನೋ ಕಡೆ ಇವರ ಹಲಗೆ ನೀರಿಗಿಳೀತು. ಸುಮಾರು ಹನ್ನೆರಡು ಅಡಿಯ ಹಲಗೆ, ಕೆಳಗೆ ನೀರಿಗಿಳಿಯುವ ಒಂದು ಪಟ್ಟಿ, ಮೇಲೆ ತ್ರಿಕೋನದ ಹಾಯಿ, ಹಾಯಿಯ ಎರಡೂ ಬದಿಗೆ ಬಿಲ್ಲಿನ ಹಾಗೆ ಬಾಗಿದ ಹಿಡಿಕೋಲು. ನಾವು ಇವತ್ತು ನೋಡುವ ವಿಂಡ್‌ಸರ್ಫಿಂಗ್ ಹಲಗೆ ಹೆಚ್ಚುಕಮ್ಮಿ ಇದೇ. ಇವರು ಜಾಣರು. 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1970ರ ಜನವರಿಯಲ್ಲಿ ಸಿಕ್ಕೂ ಸಿಕ್ಕಿತು. ಡ್ರೇಕ್ 1973ರಲ್ಲಿ ತನ್ನ ಪಾಲನ್ನು ಮಾರಿ ಹೊರಬಂದ. ಶ್ವೈಟ್ಜರ್ ಕಂಪನಿ ಬೆಳೆಸಿದ. ಯುರೋಪಿನಲ್ಲಂತೂ ಈ ಆಟ ಹುಚ್ಚಿನ ಹಾಗೆ ಹಬ್ಬಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೂ ಬಂತು.

ದುಡ್ಡು ಬಂದ ಕಡೆ ಕೋರ್ಟು ಬರಲೇಬೇಕಲ್ಲ. ಟಾಬರ್ ಮರೀನ್ ಅನ್ನೋ ಕಂಪನಿ ಇಂಗ್ಲೆಂಡಿನಲ್ಲಿ ಇಂಥದೇ ಹಲಗೆ ಮಾರೋಕೆ ಶುರು ಮಾಡಿತು. ಶ್ವೈಟ್ಜರನ ಕಂಪನಿ ಕೇಸು ಹಾಕಿತು. ಟಾಬರ್ ಕಡೆಯವರು ಹೇಳಿದ್ದು ಇಷ್ಟೇ: "ಇದು ನಿಮಗಿಂತ ಮುಂಚೆಯೇ ಇತ್ತು." ಸಾಕ್ಷಿಗೆ ಎರಡು. ಒಂದು, ಡಾರ್ಬಿಯ 1965ರ ಲೇಖನ. ಇನ್ನೊಂದು, 1958ರ ಆ ಹುಡುಗನ ಆಟ.

ಶ್ವೈಟ್ಜರ್ ಕಡೆಯವರ ವಾದ, ಹುಡುಗನ ಹಿಡಿಕೋಲು ನೆಟ್ಟಗಿತ್ತು, ನಮ್ಮದು ಬಾಗಿದೆ, ಹಾಗಾಗಿ ಬೇರೆ ಅಂತ. ಕೋರ್ಟು ಒಪ್ಪಲಿಲ್ಲ. ಆ ನೆಟ್ಟನೆ ಕೋಲೂ ಗಾಳಿ ತುಂಬಿದಾಗ ಬಳುಕಿ ಬಿಲ್ಲಾಗುತ್ತಿತ್ತು, ಅಲ್ಲದೆ ತಿಳಿದವನಿಗೆ ಅಷ್ಟು ಬದಲಾವಣೆ ತಾನಾಗೇ ಹೊಳೆಯುವಂಥದ್ದು ಅಂತ ಹೇಳಿತು. ಹೀಗೆ ಬ್ರಿಟಿಷ್ ಪೇಟೆಂಟ್ ಬಿದ್ದು ಹೋಯ್ತು. 1985ರ ಪೇಟೆಂಟ್ ವರದಿಗಳಲ್ಲಿ ಈ ತೀರ್ಪು ಇದೆ. ಒಂದು ವಿಷಯ 'ಹೊಳೆಯುವಂಥದ್ದೋ ಅಲ್ಲವೋ' ಅಂತ ನಿರ್ಧರಿಸೋಕೆ ನಾಲ್ಕು ಹೆಜ್ಜೆಯ ಪರೀಕ್ಷೆಯೊಂದನ್ನು ಆ ತೀರ್ಪು ಹೇಳಿತು. ಹೊಸತನದ ಸಾರ ಏನು, ಆ ಕಾಲದ ಕಸುಬುದಾರನಿಗೆ ಏನು ಗೊತ್ತಿತ್ತು, ಎರಡರ ನಡುವಿನ ವ್ಯತ್ಯಾಸ ಏನು, ಆ ವ್ಯತ್ಯಾಸ ಅವನಿಗೆ ತಾನಾಗೇ ಹೊಳೆಯುತ್ತಿತ್ತೇ. ಕಾನೂನು ಓದುವವರು ಇದನ್ನು ಇವತ್ತಿಗೂ 'ವಿಂಡ್‌ಸರ್ಫಿಂಗ್ ಟೆಸ್ಟ್' ಅಂತಲೇ ಕರೀತಾರೆ, ಭಾರತದ ಪೇಟೆಂಟ್ ಕೇಸುಗಳಲ್ಲೂ ಇದರ ಹೆಸರು ಬರುತ್ತೆ. ಅಮೆರಿಕದಲ್ಲಿ ಮಾತ್ರ ಪೇಟೆಂಟ್ ಉಳೀತು. ಆದರೆ 1986ರ ತೀರ್ಪಿನಲ್ಲಿ 'ವಿಂಡ್‌ಸರ್ಫರ್' ಅನ್ನೋದು ಸಾಮಾನ್ಯ ಪದ ಆಗಿಬಿಟ್ಟಿದೆ, ಒಂದು ಕಂಪನಿಯ ಸ್ವತ್ತಲ್ಲ ಅಂತಾಯ್ತು.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಗಾಂಧಿ ತೀರಿಕೊಂಡ ವರ್ಷ ಅಂದರೆ 1948. ಚಿಲ್ವರ್ಸನಿಗಿಂತ ಹತ್ತು ವರ್ಷ ಮುಂಚೆ! ಅವನಿಗೂ ಹನ್ನೆರಡು, ಇವನಿಗೂ ಹನ್ನೆರಡು.

ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. "ಅಜ್ಜನ ಕಂಬಳಿ ಕತಿ ಖರೇ ಇತ್ತೇನ ಅವ್ವಾ?" ಅಂದೆ. "ಏನೋಪಾ, ಯಾರ ಕೇಳ್ಯಾರ ಅದನ್ನ? ನಗಾಕ ಹೇಳತಿದ್ದ ಬಿಡ" ಅಂದಳು.

*

ಇನ್ನು ನನ್ನ ಹಲಗೆಯ ವಿಷಯಕ್ಕೆ ಬರ್ತೀನಿ. ಅದಕ್ಕೂ ಒಂದು ಹಿನ್ನೆಲೆ ಇದೆ.

ಹಲಗೆ ಮೇಲೆ ನಿಂತು ಉದ್ದ ಹುಟ್ಟು ಹಾಕುವ ಆಟಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್ ಅಂತಾರೆ. ಹವಾಯಿಯ ವೈಕೀಕಿ ಕಡಲತೀರದಲ್ಲಿ ಪ್ರವಾಸಿಗಳಿಗೆ ಸರ್ಫಿಂಗ್ ಕಲಿಸುವ ಹುಡುಗರು ಕಳೆದ ಶತಮಾನದ ಮಧ್ಯಭಾಗದಲ್ಲೇ ಹೀಗೆ ನಿಂತು ಹುಟ್ಟು ಹಾಕುತ್ತಿದ್ದರು. ನಿಂತರೆ ಬರುವ ಅಲೆ ದೂರದಿಂದ ಕಾಣುತ್ತೆ, ಕಲಿಯುವವರ ಮೇಲೂ ಕಣ್ಣಿಡಬಹುದು. ಆಮೇಲೆ ಅದು ಮರೆತೇ ಹೋದ ಹಾಗಾಗಿತ್ತು. ಲೇಯರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಮುಂತಾದವರು ಅದನ್ನು ಮತ್ತೆ ಎತ್ತಿಕೊಂಡರು, 2000ದ ದಶಕದಲ್ಲಿ ಜಗತ್ತಿಗೆಲ್ಲ ಹಬ್ಬಿತು. ಇವರಿಬ್ಬರೂ ವಿಂಡ್‌ಸರ್ಫಿಂಗ್ ಮಾಡಿದವರೇ ಅನ್ನೋದನ್ನ ಗಮನಿಸಿ.

ಅಷ್ಟರಲ್ಲಿ ವಿಂಡ್‌ಸರ್ಫಿಂಗ್ ಹಲಗೆಗಳು ಚಿಕ್ಕದಾಗುತ್ತಾ, ಹಗುರವಾಗುತ್ತಾ ಹೋಗಿದ್ದವು. ಜೋರು ಗಾಳಿ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಹೊಸಬರು ಬರೋದು ಕಮ್ಮಿ ಆಯ್ತು. ಆಗ ಯಾರಿಗೋ ಹೊಳೀತು, ಈ ನಿಂತು ಹುಟ್ಟು ಹಾಕುವ ಹಲಗೆ ಅಗಲ ಇದೆ, ಚೆನ್ನಾಗಿ ತೇಲುತ್ತೆ, ಅಂದರೆ ಹಿಂದಿನ ಕಾಲದ ಉದ್ದ ವಿಂಡ್‌ಸರ್ಫಿಂಗ್ ಹಲಗೆಯ ತಮ್ಮನೇ! ತಯಾರಕರು ಹಲಗೆಯ ನಡುವೆ ಒಂದು ನಟ್ಟು ಕೂರಿಸಿ ಕೊಟ್ಟರು. ಬೇಕಾದರೆ ಹುಟ್ಟು ಹಾಕಿ, ಬೇಕಾದರೆ ಆ ನಟ್ಟಿಗೆ ಕಂಬ ಸಿಕ್ಕಿಸಿ ಹಾಯಿ ಏರಿಸಿ. ಒಂದು ಹಲಗೆ, ಎರಡು ಕೆಲಸ.

ನಮ್ಮ ರಾಜ್ಯದಲ್ಲಿ ಈ ನಿಂತು ಹುಟ್ಟು ಹಾಕುವ ಆಟದ ತವರು ಅಂದರೆ ಮೂಲ್ಕಿ. ಶಾಂಭವಿ ನದಿ ಸಮುದ್ರ ಸೇರುವ ಆ ಹಿನ್ನೀರಿನಲ್ಲಿ ಕಲಿಯೋದು ನಿಜಕ್ಕೂ ಸುಖ. 2024ರ ಮಾರ್ಚಿನಲ್ಲಿ ಅಲ್ಲೇ ಪಕ್ಕದ ಸಸಿಹಿತ್ಲುವಿನಲ್ಲಿ ಇದರ ಅಂತಾರಾಷ್ಟ್ರೀಯ ಸ್ಪರ್ಧೆಯೂ ನಡೀತು. ವಿಂಡ್‌ಸರ್ಫಿಂಗಲ್ಲೂ ನಮ್ಮ ದೇಶದವರು ಹಿಂದೆ ಬಿದ್ದಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸಿನಲ್ಲಿ ಈಬಾದ್ ಅಲಿ ಕಂಚು ಗೆದ್ದರು.

ನಾನು ಮೂಲ್ಕಿಯಲ್ಲಿ ಹುಟ್ಟು ಹಾಕೋದು ಕಲಿತೆ, ಗೋವಾದಲ್ಲಿ ಮೂರು ದಿನ ಹಾಯಿ ಹಿಡಿಯೋದು ಕಲಿತೆ. ಕಲಿತೆ ಅನ್ನೋದಕ್ಕಿಂತ ಬಿದ್ದೆ ಅನ್ನೋದು ಸರಿ :) ಆಮೇಲೆ ಗಾಳಿ ತುಂಬುವ ಹಲಗೆಯೊಂದನ್ನು, ಹಳೇ ಹಾಯಿಯೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಟ್ರೇನಿಂಗ್ ಆದ ವಾರದಿಂದ ಒಂದೇ ಧ್ಯಾನ. ಇದನ್ನು ಕೃಷ್ಣೆಯಲ್ಲಿ ಇಳಿಸಬೇಕು. ಅಜ್ಜನ ಕತೆ ನಿಜವಾಗೋಕೆ ಸಾಧ್ಯವಾ ಅಂತ ನೋಡಬೇಕು.

*

ಹೋಗೋ ಮುಂಚೆ ಇಂಜಿನಿಯರ್ ಬುದ್ಧಿ ಸ್ವಲ್ಪ ಲೆಕ್ಕ ಹಾಕಿತು. ಗಾಳಿಗೆ ಅಡ್ಡ ಹಿಡಿದ ಕಂಬಳಿ ಮೂರು ಚದರ ಮೀಟರ್ ಅಂದುಕೊಳ್ಳಿ. ಗಂಟೆಗೆ 18 ಕಿ.ಮೀ. ಗಾಳಿ, ಅಂದರೆ ಸೆಕೆಂಡಿಗೆ 5 ಮೀಟರ್. ಕಂಬಳಿಯ ಮೇಲೆ ಬೀಳುವ ಒತ್ತಡ ಸುಮಾರು ಐದು ಕಿಲೋ ತೂಕದಷ್ಟು. ಗಾಳಿ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಇಪ್ಪತ್ತು ಕಿಲೋ. ಹನ್ನೆರಡು ವರ್ಷದ ಹುಡುಗನ ಬಾಳೆದಿಂಡಿನ ತೆಪ್ಪವನ್ನು ತಳ್ಳೋಕೆ ಐದು ಕಿಲೋ ಧಾರಾಳ. ಇಪ್ಪತ್ತಾದರೆ ಅವನು ಹಿಡಿದುಕೊಳ್ಳೋದೇ ಕಷ್ಟ. ಅಂದರೆ ಮಿರಗದ ಹದವಾದ ಗಾಳಿಗೆ ಕತೆ ಅಸಾಧ್ಯ ಅಲ್ಲ.

ಹಾಗಾದರೆ ಇನ್ನೊಂದು ಪ್ರಶ್ನೆ. ಅಷ್ಟು ಸುಲಭವಾಗಿದ್ದರೆ ಕೃಷ್ಣೆಯ ಅಂಬಿಗರು ಯಾಕೆ ಹಾಯಿ ಕಟ್ಟಲಿಲ್ಲ? ನಮ್ಮ ಕರಾವಳಿಯಲ್ಲಿ ಪತ್ತೆಮಾರಿ, ಮಚವೆಗಳು ಹಾಯಿ ಬಿಚ್ಚಿಕೊಂಡು ದೂರದೂರ ಹೋದವು. ಇಲ್ಲಿ ಅಜ್ಜ ಹೇಳಿದ್ದೆಲ್ಲ ಗಳ ಮತ್ತು ಹುಟ್ಟಿನ ಮಾತೇ. ಹೊಳೆಯಲ್ಲಿ ಹಾಯಿ ಕಂಡ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಆ ಒಂದೇ ಕತೆಯಲ್ಲಿ.

ನಕಾಶೆ ತೆಗೆದು ನೋಡಿ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಒಟ್ಟು ಸುಮಾರು 1,400 ಕಿ.ಮೀ. ಹರಿಯುತ್ತಾಳೆ. ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಸೇರಿಸಿಕೊಂಡು ನಮ್ಮ ಕಡೆ ಬರುತ್ತಾಳೆ. ನಿಪ್ಪಾಣಿ ಕಡೆಯಿಂದ ಬರುವ ವೇದಗಂಗೆ ಭೋಜದ ಹತ್ತಿರ ದೂಧಗಂಗೆಯನ್ನು ಕೂಡುತ್ತೆ, ದೂಧಗಂಗೆ ಚಿಕ್ಕೋಡಿ ತಾಲೂಕಿನ ಯಡೂರ-ಕಲ್ಲೋಳದ ಆಸುಪಾಸು ಕೃಷ್ಣೆಯನ್ನು ಸೇರುತ್ತೆ. ಅಲ್ಲಿಂದ ಮಾಂಜರಿ, ಕುಡಚಿ ದಾಟಿ ಎಡಕ್ಕೆ ಕಾಗವಾಡ, ಅಥಣಿ, ಬಲಕ್ಕೆ ರಾಯಬಾಗ ಇಟ್ಟುಕೊಂಡು ಹೊಳೆ ಪೂರ್ವಕ್ಕೆ ಸಾಗುತ್ತೆ. ಸುತ್ತು ಬಳಸು ಎಷ್ಟೇ ಇದ್ದರೂ ಒಟ್ಟು ಓಟ ಪೂರ್ವ, ಆಗ್ನೇಯಕ್ಕೆ.

ಗಾಳಿ? ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿ ಬೀಸೋದು ಪಶ್ಚಿಮದಿಂದ. ಜೋರು ಗಾಳಿಯ ಕಾಲ ಅಂದರೆ ಅದೇ.

ಅಂದರೆ ನೀರು ಹೋಗುವುದೂ ಪೂರ್ವಕ್ಕೆ, ಗಾಳಿ ತಳ್ಳುವುದೂ ಪೂರ್ವಕ್ಕೆ. ಹಾಯಿ ಕಟ್ಟಿದರೆ ಕೆಳಗಡೆಗೆ ಇನ್ನೂ ಬೇಗ ಹೋಗಬಹುದು ಅಷ್ಟೆ, ವಾಪಸ್ ಬರೋದಕ್ಕೆ ಅದು ಉಪಯೋಗ ಇಲ್ಲ. ಈಜಿಪ್ಟಿನ ನೈಲ್ ನದಿ ನೋಡಿ. ನೀರು ಉತ್ತರಕ್ಕೆ ಹರಿಯುತ್ತೆ, ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತೆ. ಹೋಗುವಾಗ ಹೊಳೆ ಒಯ್ಯುತ್ತೆ, ಬರುವಾಗ ಗಾಳಿ ತರುತ್ತೆ. ಅಲ್ಲಿ ಹಾಯಿ ಸಾವಿರಾರು ವರ್ಷದ ಹಿಂದೆಯೇ ಹುಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಹೊಳೆಯಲ್ಲಿ ಅಂಬಿಗನಿಗೆ ಬೇಕಾದ್ದು ಆಚೆ ದಂಡೆ, ದೂರದ ಊರಲ್ಲ. ದಾಟುವಷ್ಟರಲ್ಲಿ ನೀರು ಎಷ್ಟು ಕೆಳಗೆ ಒಯ್ಯುತ್ತೆ ಅನ್ನೋದೇ ಅವನ ಚಿಂತೆ. ಗಾಳಿಯೂ ಅದೇ ದಿಕ್ಕಿಗೆ ಎಳೆದರೆ ಅವನಿಗೆ ಅದು ವೈರಿ. ಚಳಿಗಾಲದಲ್ಲಿ ಪೂರ್ವದ ಗಾಳಿ ಇರುತ್ತೆ ನಿಜ, ಆದರೆ ಅದಕ್ಕೆ ಅಷ್ಟು ಕಸುವಿಲ್ಲ. ಹಾಗಾಗಿ ಅಂಬಿಗರು ದಡ್ಡರಾಗಿ ಹಾಯಿ ಬಿಟ್ಟವರಲ್ಲ. ಹೊಳೆಯನ್ನು ತಿಳಿದೇ ಗಳ ಹಿಡಿದವರು ಅಂತ ನನ್ನ ಅನಿಸಿಕೆ.

ಈ ಹೊಳೆಗಳನ್ನು ದಾಟೋದು ಎಷ್ಟು ದೊಡ್ಡ ವಿಷಯ ಆಗಿತ್ತು ಅನ್ನೋದಕ್ಕೆ ಭೋಜದ ಒಂದು ಮಾತಿದೆ. ಮುಂದೆ ಜೈನರ ಆಚಾರ್ಯ ಶಾಂತಿಸಾಗರ ಮಹಾರಾಜರಾದವರು (1872-1955) ಯುವಕರಾಗಿದ್ದಾಗ ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೂಧಗಂಗೆ-ವೇದಗಂಗೆ ದಾಟಿಸುತ್ತಿದ್ದರು ಅಂತ ಭಕ್ತರು ಇಂದಿಗೂ ಹೇಳುತ್ತಾರೆ. ಕುಡಚಿಯಲ್ಲಿ ರೈಲಿನ ಸೇತುವೆ ಬಂದ ಮೇಲೂ ಹಳ್ಳಿ ಹಳ್ಳಿಗೆ ದಾರಿ ಅಂದರೆ ದೋಣಿಯೇ. ಆಮೇಲೆ ಸೇತುವೆಗಳು ಬಂದವು, ಬಾಂದಾರಗಳು ಬಂದವು. ಮಳೆಗಾಲದಲ್ಲಿ ಕಲ್ಲೋಳ-ಯಡೂರ, ಕುಡಚಿ-ಉಗಾರ ಮುಳುಗಿದ ಸುದ್ದಿ ನೀವೂ ಓದಿರುತ್ತೀರಿ. 2005, 2019, 2021ರಲ್ಲಿ ಏನಾಯ್ತು ಅಂತ ನಮ್ಮ ಐದೂ ತಾಲೂಕಿನವರಿಗೆ ಹೇಳಬೇಕಾಗಿಲ್ಲ.

ಆದರೆ ಇದೇ ಬಾಂದಾರಗಳಿಂದ ಒಂದು ಹೊಸ ಸಂಗತಿ ಆಗಿದೆ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ಹಿಡಿಯುತ್ತಾರೆ. ಕೊಲ್ಹಾಪುರ ಮಾದರಿ ಬಾಂದಾರ ಅಂತಲೇ ಅದಕ್ಕೆ ಹೆಸರು. ಕೆಳಗೆ ಹಿಪ್ಪರಗಿ ಬ್ಯಾರೇಜಿನ ಹಿನ್ನೀರೂ ಇದೆ. ಹರಿಯುತ್ತಿದ್ದ ಹೊಳೆ ಅಷ್ಟು ದಿನ ಉದ್ದನೆಯ ಕೆರೆ ಆಗಿಬಿಡುತ್ತೆ. ಅಜ್ಜನಿಗಿದ್ದ ಎರಡು ವೈರಿಗಳಲ್ಲಿ ಒಂದು, ಅಂದರೆ ಹರಿವು, ನನಗಿರಲಿಲ್ಲ.

*

ಕಳೆದ ಏಪ್ರಿಲ್‌ನಲ್ಲಿ ಹೋದೆ. ಮಾವ ಹಲಗೆಗೆ ಪಂಪು ಹೊಡೆಯೋದನ್ನ ನೋಡಿ "ಇದೇನ್ ಟ್ರ್ಯಾಕ್ಟರ್ ಟ್ಯೂಬ್ ಏನೋ?" ಅಂದ. ದಂಡೆಯಲ್ಲಿ ಹತ್ತಿಪ್ಪತ್ತು ಹುಡುಗರು ಸೇರಿದರು. ಮೀನು ಹಿಡಿಯುವ ಕಾಕಾ ಒಬ್ಬರು "ಮಸಳಿ ಅದಾವು ತಮ್ಮಾ, ಆ ಮಡುವಿನ ಕಡೆ ಹೋಗಬ್ಯಾಡ" ಅಂತ ಎಚ್ಚರಿಸಿದರು. ಕೃಷ್ಣೆಯಲ್ಲಿ ಮೊಸಳೆ ಇರೋದು ತಮಾಷೆಯ ಮಾತಲ್ಲ. ಲೈಫ್ ಜಾಕೆಟ್ ಹಾಕಿಕೊಂಡು, ಕಾಕಾ ತೋರಿಸಿದ ಕಡೆಯಿಂದ ಇಳಿದೆ.

ಮಧ್ಯಾಹ್ನ ಮೂರೂವರೆಗೆ ಪಡುವಣ ಗಾಳಿ ಎದ್ದಿತು. ಹಗ್ಗ ಜಗ್ಗಿ ಹಾಯಿ ಎತ್ತಿದೆ. ಎರಡು ಸಲ ಬಿದ್ದೆ, ದಂಡೆಯಲ್ಲಿ ಸೀಟಿ ಬಿತ್ತು. ಮೂರನೇ ಸಲ ಗಾಳಿ ತುಂಬಿತು. ಹಲಗೆ ಹೊರಟಿತು ನೋಡಿ.. ಸದ್ದಿಲ್ಲ, ಇಂಜಿನ್ನಿಲ್ಲ, ಕಾಲ ಕೆಳಗೆ ನೀರು ಸರ್ರನೆ ಸರಿಯುತ್ತೆ. ಎರಡೂ ಕಡೆ ಕಬ್ಬು. ಬಾಣ ಹೋದ ಹಾಗೆ ಅನ್ನೋ ಮಾತು ನನ್ನ ಬಾಯಿಗೆ ತಾನಾಗೇ ಬಂತು. ನನಗೆ ಗೊತ್ತಿದ್ದ ಬೇರೆ ಯಾವ ಮಾತೂ ಸರಿಹೋಗುತ್ತಿರಲಿಲ್ಲ.

ಹತ್ತು ನಿಮಿಷ ಆದ ಮೇಲೆ ತಿರುಗಿಸಿ ವಾಪಸ್ ಬರೋಣ ಅಂದುಕೊಂಡೆ.

ಆಗಲಿಲ್ಲ. ಇದು ಈ ತರದ ಹಲಗೆಯ ದೊಡ್ಡ ದೌರ್ಬಲ್ಯ, ಪುಸ್ತಕದಲ್ಲಿ ಓದಿದ್ದೆ, ಈಗ ಮೈಗೆ ಗೊತ್ತಾಯ್ತು. ಗಾಳಿಗೆ ಎದುರು ಹೋಗಬೇಕು ಅಂದರೆ ಓರೆ ಓರೆಯಾಗಿ ಹೋಗಬೇಕು. ಹಾಯಿ ಪಕ್ಕಕ್ಕೆ ತಳ್ಳುತ್ತಲೇ ಇರುತ್ತೆ. ಆ ತಳ್ಳಾಟ ತಡೆಯೋಕೆ ಹಲಗೆಯ ನಡುವೆ ನೀರಿಗಿಳಿದ ಪಟ್ಟಿ ಇರಬೇಕು, ಡ್ರೇಕ್ ಮತ್ತು ಶ್ವೈಟ್ಜರ್ ಹಲಗೆಗೆ ಅದಿತ್ತು. ಹುಟ್ಟು ಹಾಕುವ ಹಲಗೆಯ ತಳ ಚಪ್ಪಟೆ, ಹಿಂದೆ ಒಂದು ಸಣ್ಣ ರೆಕ್ಕೆ ಅಷ್ಟೆ. ಕೆಲವು ಹಲಗೆಗಳಲ್ಲಿ ನಡುವೆಯೂ ರೆಕ್ಕೆ ಸಿಕ್ಕಿಸಬಹುದು, ನನ್ನದರಲ್ಲಿ ಇರಲಿಲ್ಲ. ಮೂತಿ ದಂಡೆಯ ಕಡೆ ಇದ್ದರೂ ಹಲಗೆ ಏಡಿಯ ಹಾಗೆ ಅಡ್ಡಡ್ಡ ಪೂರ್ವಕ್ಕೇ ಜಾರುತ್ತಿತ್ತು. ಅರ್ಧ ಗಂಟೆ ಒದ್ದಾಡಿದೆ. ಪ್ರತಿ ಸಲ ತಿರುಗಿದಾಗಲೂ ಹೊರಟ ಜಾಗ ಇನ್ನಷ್ಟು ದೂರ. ಹುಟ್ಟನ್ನು ದಂಡೆಯಲ್ಲೇ ಬಿಟ್ಟು ಬಂದಿದ್ದೆ, ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಕೈ ಸೋತವು. ಕೊನೆಗೆ ಹಾಯಿ ಬೀಳಿಸಿ, ಹಲಗೆ ಮೇಲೆ ಬೋರಲು ಮಲಗಿ, ಕೈಯಲ್ಲೇ ನೀರು ಹಿಂದಕ್ಕೆ ಎಳೆಯುತ್ತಾ ಹತ್ತಿರದ ದಂಡೆ ಸೇರಿದೆ. ಕಾಕಾ ಹೇಳಿದ ಮಸಳಿ ನೆನಪು ಒಂದು ಕ್ಷಣವೂ ಬಿಡಲಿಲ್ಲ.

ಹಲಗೆ ತಲೆ ಮೇಲೆ, ಹಾಯಿ ಹೆಗಲ ಮೇಲೆ. ಕಬ್ಬಿನ ಬದು ಹಿಡಿದು ನಡೆದೆ. ಕಬ್ಬಿನ ರವದಿ ಕಾಲಿಗೆ ಗೀರುತ್ತಿತ್ತು. ಹೊತ್ತು ಮುಳುಗುತ್ತಾ ಇತ್ತು. ಅರ್ಧ ದಾರಿಯಲ್ಲಿ ಥಟ್ಟನೆ ನಿಂತುಬಿಟ್ಟೆ.

ನಡಕೋತ ಬಂದ್ನಿ. ಹೊತ್ತ ಮುಣಗಿತ್ತು.

ನಾವೆಲ್ಲ ನಗುತ್ತಿದ್ದದ್ದು ಅದಕ್ಕೇ ಅಲ್ಲವೇ? ಹಾಯಿ ಕಟ್ಟಿದವ ನಡೆದು ಬಂದ ಅಂತ. ಕತೆ ಕಟ್ಟುವವನಾಗಿದ್ದರೆ ಅಜ್ಜ "ಹೋದ್ನಿ, ಹೊಳ್ಳಿ ಬಂದ್ನಿ" ಅಂತ ಹೇಳಬಹುದಿತ್ತು. ಕೇಳುವವರಿಗೂ ಅದೇ ಬೇಕಿತ್ತು. ಆದರೆ ತಳ ಚಪ್ಪಟೆಯಾದ ತೆಪ್ಪ, ಕೈಯಲ್ಲಿ ಹಿಡಿದ ಕಂಬಳಿ, ಪೂರ್ವಕ್ಕೆ ಹೋಗುವ ನೀರು, ಪೂರ್ವಕ್ಕೆ ಬೀಸುವ ಗಾಳಿ. ಅದರಲ್ಲಿ ಹೋದವನು ನಡೆದೇ ಬರಬೇಕು. ಬೇರೆ ದಾರಿಯೇ ಇಲ್ಲ. ಇದು ಹೋದವನಿಗೆ ಮಾತ್ರ ಗೊತ್ತಿರುವ ವಿಷಯ. "ಹೊಳ್ಳಿ ಎಲ್ಲಿ ಬರ್ತತಿ ಅದು?" ಅಂತ ಅಜ್ಜ ಎಷ್ಟು ಸಹಜವಾಗಿ ಹೇಳುತ್ತಿದ್ದ! ನಮಗೆ ಜೋಕು, ಅವನಿಗೆ ಅನುಭವ.

ಮಾವ ಬೈಕ್ ತಗೊಂಡು ಎದುರು ಬಂದ. ನನ್ನ ಅವತಾರ ನೋಡಿ ನಗೋಕೆ ಬಾಯಿ ತೆಗೆದವನು ಯಾಕೋ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅಪ್ಪಾನೂ ಇಲ್ಲಿಂದನ ನಡದ ಬಂದಿರಬೇಕ ನೋಡ" ಅಂದ.

*

ಇದರಿಂದ ಅಜ್ಜ ವಿಂಡ್‌ಸರ್ಫಿಂಗ್ ಕಂಡುಹಿಡಿದ ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಅವನ ತೆಪ್ಪದಲ್ಲಿ ಕೀಲು ಇರಲಿಲ್ಲ, ತಿರುಗಿಸುವ ಉಪಾಯ ಇರಲಿಲ್ಲ. ನನ್ನ ಹತ್ತಿರ ಪುರಾವೆಯೂ ಇಲ್ಲ, ನನಗಿರೋದು ನಂಬಿಕೆ ಅಷ್ಟೆ. ಗಾಳಿಗೆ ಬಟ್ಟೆ ಹಿಡಿದು ನಿಲ್ಲೋದು ಜಗತ್ತಿನ ಎಷ್ಟು ಹೊಳೆಗಳಲ್ಲಿ ಎಷ್ಟು ಹುಡುಗರಿಗೆ ಹೊಳೆದಿರುತ್ತೋ. ಡ್ರೇಕ್ ಕೂಡ ತನಗಿಂತ ಮುಂಚೆ ಡಾರ್ಬಿ, ಚಿಲ್ವರ್ಸ್ ಇದ್ದರು ಅಂತ ಆಮೇಲೆ ಒಪ್ಪಿಕೊಂಡಿದ್ದ.

ನನ್ನನ್ನು ಕಾಡೋದು ಇನ್ನೊಂದು ವಿಷಯ. ಚಿಲ್ವರ್ಸನ ಆಟವನ್ನು ನೋಡಿದವರು ಇದ್ದರು, ಇಪ್ಪತ್ತೈದು ವರ್ಷದ ನಂತರ ಕೋರ್ಟು ಅದನ್ನು ಕೂತು ಕೇಳಿತು, ಅವನ ಹಿಡಿಕೋಲು ನೆಟ್ಟಗಿತ್ತೋ ಬಾಗಿತ್ತೋ ಅಂತ ದೊಡ್ಡ ದೊಡ್ಡ ವಕೀಲರು ವಾದ ಮಾಡಿದರು. ಡಾರ್ಬಿ 2016ರಲ್ಲಿ ತೀರಿಕೊಂಡ, ಅವನ ಕಾಗದಪತ್ರಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆ ಜೋಪಾನ ಮಾಡಿದೆ. ನಮ್ಮ ಅಜ್ಜನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಯಾವ ಹೊತ್ತಿಗೆ ಹೊರಟೆ ಅಜ್ಜಾ, ಕೋಲು ಯಾವ ಮರದ್ದು, ಎಲ್ಲಿ ದಂಡೆಗೆ ಹತ್ತಿದೆ, ಹೆದರಿಕೆ ಆಯ್ತಾ, ಮತ್ತೊಮ್ಮೆ ಹೋದೆಯಾ.. ಇಪ್ಪತ್ತು ವರ್ಷ ಎದುರಿಗೆ ಕೂತು ಕತೆ ಕೇಳಿದೆ, ಒಂದು ಸರಿಯಾದ ಪ್ರಶ್ನೆ ಕೇಳಲಿಲ್ಲ. ಆಫೀಸಿನಲ್ಲಿ ಒಂದು ಸಣ್ಣ ಬಗ್ ಬಂದರೆ ಹತ್ತು ಪ್ರಶ್ನೆ ಕೇಳುವವನು ನಾನು.

ಆ ಕಂಬಳಿ ಏನಾಯ್ತು ಅಂತ ಅಮ್ಮನನ್ನು ಕೇಳಿದೆ. ಹರಿದ ಮೇಲೆ ಎಮ್ಮೆ ಕರುವಿಗೆ ಹೊದಿಸಿದ್ದರಂತೆ.

ಹಲಗೆ ಮಾವನ ಮನೆಯ ಅಟ್ಟದಲ್ಲಿದೆ. ನಡುವೆ ರೆಕ್ಕೆ ಸಿಕ್ಕಿಸುವ ಹಾಗೆ ಏನಾದರೂ ಮಾಡಬೇಕು, ಮುಂದಿನ ಸಲ ಹುಟ್ಟನ್ನೂ ಹಲಗೆಗೆ ಕಟ್ಟಿಕೊಂಡೇ ಹೋಗಬೇಕು. ಓದಿ ಯಾರಿಗಾದರೂ ಹುಮ್ಮಸ್ಸು ಬಂದರೆ ಒಂದು ಮಾತು: ಈಜು ಬಂದರೂ ಜಾಕೆಟ್ ಬಿಡಬೇಡಿ, ಬಾಂದಾರದ ಹತ್ತಿರ ಹೋಗಬೇಡಿ, ಮಳೆಗಾಲದಲ್ಲಿ ಕೃಷ್ಣೆಗೆ ಕೈ ಮುಗಿದು ದೂರ ಇರಿ. ಊರಿನ ಮೀನುಗಾರರನ್ನು ಕೇಳದೆ ಇಳಿಯಲೇಬೇಡಿ.

ನಿಮ್ಮ ಮನೆಯಲ್ಲೂ ಹೊಳೆ ದಂಡೆಯ ಅಜ್ಜ ಅಜ್ಜಿ ಇದ್ದರೆ, ಅವರು ಹೇಳಿದ್ದೇ ಹೇಳುವ ಒಂದು ಕತೆ ಇದ್ದೇ ಇರುತ್ತೆ. ಈ ಸಲ ಊರಿಗೆ ಹೋದಾಗ ನಗುವ ಮುಂಚೆ ಒಂದೆರಡು ಪ್ರಶ್ನೆ ಕೇಳಿ. ಬರೆದಿಡಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಕಡೆ ಯಾರಾದರೂ ಕಂಬಳಿಯನ್ನೋ ಧೋತರವನ್ನೋ ಗಾಳಿಗೆ ಹಿಡಿದು ಹೋದ ಕತೆ ಕೇಳಿದ್ದರೆ ನನಗೂ ತಿಳಿಸಿ. ಅವರು ವಾಪಸ್ ಹೇಗೆ ಬಂದರು ಅಂತ ಕೇಳೋದು ಮಾತ್ರ ಮರೀಬೇಡಿ.